ಯಾವ ಪಾಸಿಂಗ್?

ನಮ್ಮ ಜಿಲ್ಲೆಯಲ್ಲಿ ಮನುಷ್ಯರಿಗೆ ಕೇಳಿದ ಹಾಗೆ ಗಾಡಿಗೂ ಊರು ಕೇಳುವ ರೂಢಿ. ‘ಯಾವ ಪಾಸಿಂಗ್ ಐತ್ರೀ?’ ಎಂದರೆ ಆ ಗಾಡಿ ಎಲ್ಲಿ ನೋಂದಣಿಯಾದದ್ದು ಎಂದು ಅರ್ಥ. 28 ಪಾಸಿಂಗ್ ಎಂದರೆ ಕೆಎ 28, ನಮ್ಮ ವಿಜಯಪುರದ್ದು. 13 ಪಾಸಿಂಗ್ ಎಂದರೆ ಎಂಎಚ್ 13, ಸೊಲ್ಲಾಪುರದ್ದು. ಕೆಎ 13 ಎಂಬ ನಂಬರು ಹಾಸನಕ್ಕೂ ಇದೆಯಪ್ಪಾ ಎಂದು ತರಗತಿಯಲ್ಲಿ ಹೇಳಿದರೆ ಇಂಡಿಯ ಹುಡುಗರು ನಗುತ್ತಾರೆ. ಅವರ ಲೆಕ್ಕದಲ್ಲಿ ಹಾಸನ ಪರದೇಶ, ಸೊಲ್ಲಾಪುರ ಹಿತ್ತಲು. ಹಳೆಯ ಕಾರು ಕೊಳ್ಳುವಾಗ ‘ಎಂಎಚ್ ಪಾಸಿಂಗ್ ಐತಿ, ತುಸು ಕಡಿಮಿಗೆ ಸಿಗತೈತಿ’ ಎನ್ನುವುದುಂಟು. ಬೀಗರ ಮನೆಯವರು ಬಂದಿಳಿದಾಗ ಹೆಂಗಸರು ಸೀರೆ ನೋಡುತ್ತಾರೆ, ಗಂಡಸರು ಗಾಡಿಯ ನಂಬರು ನೋಡುತ್ತಾರೆ.

ನಾನು ಸಮಾಜ ವಿಜ್ಞಾನ ಕಲಿಸುವವಳು. ಬಸವನ ಬಾಗೇವಾಡಿಯಲ್ಲಿ ನೌಕರಿ ಹಿಡಿದು, ವರ್ಗವಾದಂತೆ ಮುದ್ದೇಬಿಹಾಳ, ಸಿಂದಗಿ, ಇಂಡಿ ಹೀಗೆ ನಾಲ್ಕೂ ತಾಲೂಕಿನ ನೀರು ಕುಡಿದಿದ್ದೇನೆ. ಈಚೆಗೆ ಈ ತಾಲೂಕುಗಳು ಒಡೆದು ಚಡಚಣ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ, ಆಲಮೇಲ ಎಂದೆಲ್ಲ ಬೇರೆ ಒಲೆ ಹೂಡಿವೆ. ನನ್ನ ಬಾಯಲ್ಲಿ ಮಾತ್ರ ಹಳೆಯ ನಾಲ್ಕೇ ಹೆಸರು ಬರುತ್ತವೆ. ಈ ನಾಲ್ಕು ಊರಿನವರ ಪ್ರವಾಸ ಎಂದರೆ ಬಹುಮಟ್ಟಿಗೆ ಉತ್ತರಕ್ಕೇ. ದೇವರು ಪಂಢರಪುರದಲ್ಲಿ, ತುಳಜಾಪುರದಲ್ಲಿ, ಅಕ್ಕಲಕೋಟೆಯಲ್ಲಿ. ಮದುವೆಯ ಜವಳಿ ಸೊಲ್ಲಾಪುರದಲ್ಲಿ. ದೊಡ್ಡ ಕಾಯಿಲೆ ಬಂದರೆ ದವಾಖಾನೆಯೂ ಎಷ್ಟೋ ಜನಕ್ಕೆ ಸೊಲ್ಲಾಪುರವೇ. ಹೀಗೆ ನಾವು ಬಾಳಿನುದ್ದಕ್ಕೂ ಒಂದು ಗಡಿ ದಾಟುತ್ತಲೇ ಇರುತ್ತೇವೆ. ಆದರೆ ನಮ್ಮ ಅಜ್ಜಿ ದಾಟುತ್ತಿದ್ದ ಗಡಿಯೇ ಬೇರೆ, ನಾನು ದಾಟುವ ಗಡಿಯೇ ಬೇರೆ. ಇಬ್ಬರೂ ಅದೇ ಜಿಲ್ಲೆಯಲ್ಲಿ ಬಾಳಿದವರು. ನಡುವೆ ಗೆರೆ ಎದ್ದು ಇನ್ನೊಂದು ಕಡೆ ಹೋಗಿ ಕುಳಿತಿತು. ಅದರ ಕಥೆಯನ್ನೇ ಇಲ್ಲಿ ಬರೆಯಬೇಕೆಂದಿದ್ದೇನೆ.

ಅಜ್ಜಿಯ ಊರು ಸಿಂದಗಿ ತಾಲೂಕಿನ ಪೂರ್ವದ ಅಂಚಿನಲ್ಲಿತ್ತು. ಆಗ ನಮ್ಮ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲಿ, ಬ್ರಿಟಿಷರ ನೇರ ಆಡಳಿತದಲ್ಲಿ. ಸಿಂದಗಿ ಬಿಟ್ಟು ಆಚೆ ಅಫಜಲಪುರ, ಜೇವರ್ಗಿಯ ಕಡೆ ಕಾಲಿಟ್ಟರೆ ನಿಜಾಮರ ಹೈದರಾಬಾದ್ ಸಂಸ್ಥಾನ. ಮುದ್ದೇಬಿಹಾಳದವರಿಗೂ ಹಾಗೆಯೇ, ಸುರಪುರ, ಲಿಂಗಸುಗೂರು ಎಲ್ಲ ಅತ್ತಣ ರಾಜ್ಯ. ಅಜ್ಜಿ ಅದಕ್ಕೆ ‘ಮೊಗಲಾಯಿ’ ಎನ್ನುತ್ತಿದ್ದಳು. ಮೊಗಲರು ಹೋಗಿ ಇನ್ನೂರು ವರ್ಷವಾಗಿದ್ದರೂ ಹೆಸರು ಮಾತ್ರ ಅಲ್ಲೇ ಉಳಿದಿತ್ತು. ಆಕೆಯ ಸ್ವಂತ ತಂಗಿಯನ್ನೇ ಮೊಗಲಾಯಿಗೆ ಕೊಟ್ಟಿತ್ತು. ಅದೇ ಕನ್ನಡ, ಅದೇ ಜೋಳದ ರೊಟ್ಟಿ, ಅದೇ ಎಳ್ಳಮವಾಸ್ಯೆಯ ಚರಗ. ಆದರೂ ತಂಗಿಯ ಮನೆಗೆ ಚಕ್ಕಡಿ ಹೂಡಿದರೆ ನಡುವೆ ‘ಕರೋಡಗಿರಿ’ ನಾಕಾ ಬರುತ್ತಿತ್ತು.

ಕರೋಡಗಿರಿ ಎಂದರೆ ನಿಜಾಮರ ಸುಂಕದ ಇಲಾಖೆ. ಹೈದರಾಬಾದಿಗೆ ತನ್ನದೇ ಸುಂಕ, ತನ್ನದೇ ಅಂಚೆ, ತನ್ನದೇ ನಾಣ್ಯ. ಬ್ರಿಟಿಷ್ ಪ್ರಾಂತದಿಂದ ಹೋದ ಮಾಲಿನ ಬೆಲೆಯ ಮೇಲೆ ಶೇ. 5ರ ಸುಂಕ ಬಹುಕಾಲ ನಡೆದು ಬಂದಿತ್ತು. ಅದು ವ್ಯಾಪಾರಿಗಳ ಮಾತಾಯಿತು. ತವರಿನಿಂದ ಬಾಣಂತಿಗೆ ಕೊಬ್ಬರಿ, ಬೆಲ್ಲ, ಖಣ, ಸೀರೆ ಒಯ್ಯುವ ಹೆಂಗಸರ ಗಂಟನ್ನೂ ನಾಕಾದ ಸಿಪಾಯಿ ಬಿಚ್ಚಿಸುತ್ತಿದ್ದನಂತೆ. ಅದಕ್ಕೆ ಅಜ್ಜಿಯ ಓರಗೆಯವರು ಕಂಡುಕೊಂಡ ಉಪಾಯ ಸರಳ: ಹೊಸ ಸೀರೆಯ ಮಡಿಕೆ ಮುರಿದು, ಮೈಮೇಲಿದ್ದ ಹಳೆಯ ಸೀರೆಯ ಮೇಲೆ ಉಟ್ಟುಬಿಡುವುದು. ಉಟ್ಟ ಬಟ್ಟೆಗೆ ಸುಂಕವೆಲ್ಲಿಯದು? ‘ಬ್ಯಾಸಗಿ ಬಿಸಲಾಗ ಎರಡೆರಡು ಇಲಕಲ್ ಸೀರಿ ಸುತಗೊಂಡು ಬೆವರ ಸುರಸಕೋತ ಕುಂದ್ರತಿದ್ವಿ’ ಎಂದು ಅಜ್ಜಿ ಬಾಯಿಗೆ ಸೆರಗು ಹಚ್ಚಿ ನಗುತ್ತಿದ್ದಳು.

ನಾಣ್ಯದ್ದು ಇನ್ನೊಂದು ತೊಡಕು. ಅತ್ತ ಹಾಲಿ ಸಿಕ್ಕಾ, ಇತ್ತ ಕಲ್ದಾರ ರೂಪಾಯಿ. ಸುಮಾರು 7 ಹಾಲಿ ರೂಪಾಯಿಗೆ ನಮ್ಮ 6 ಕಲ್ದಾರ ಸಮ. ಸಂತೆಯಲ್ಲಿ ಬಳೆ ಕೊಳ್ಳುವಾಗಲೂ ಈ ಲೆಕ್ಕ ಬಾಯಲ್ಲಿರಬೇಕು. ಶಾಲೆಯ ಮುಖ ಕಾಣದ ಅಜ್ಜಿಗೆ ಈ ವಟ್ಟಾವಿನ ಲೆಕ್ಕ ಬೆರಳ ತುದಿಯಲ್ಲಿತ್ತು. ಲೆಕ್ಕದಲ್ಲಿ ತಾನು ಮೇಲೆಂಬ ಸಣ್ಣ ಬಿಗುಮಾನವೂ ಇತ್ತೆನ್ನಿ. ‘ಮೊಗಲಾಯಿ ಮಂದಿ’ ಎನ್ನುವಾಗ ಅವಳ ದನಿ ತುಸು ಇಳಿಯುತ್ತಿತ್ತು. ಅಲ್ಲಿಯವರು ಇವರನ್ನು ‘ಇಂಗ್ರಜಿ ರಾಜ್ಯದವರು’ ಎಂದು ಕರೆದು, ಇವರಿಗೆ ನೀರು ಕೊಡುವ ಮೊದಲು ಎರಡು ಮಾತು ಹೆಚ್ಚಿಗೆ ಕೇಳುತ್ತಿದ್ದರಂತೆ. ಚಕ್ಕಡಿಗೆ ನಂಬರು ಇರಲಿಲ್ಲ. ಪಟಕಾ ಸುತ್ತಿದ ರೀತಿ ನೋಡಿ, ಎತ್ತಿನ ಕೊರಳ ಗೆಜ್ಜೆ ನೋಡಿ ‘ಹೊಳಿ ಈಚಿಯವರು’ ಎಂದು ಗುರುತು ಹಿಡಿಯುತ್ತಿದ್ದರು. ಅಕ್ಕತಂಗಿಯರ ನಡುವೆ ಹೀಗೊಂದು ತೆರೆ! ಅದನ್ನು ಅವರಿಬ್ಬರೂ ನೇಯ್ದದ್ದಲ್ಲ.

1947ರ ಆಗಸ್ಟಿನಲ್ಲಿ ಇಲ್ಲಿ ಧ್ವಜ ಏರಿತು, ಅಲ್ಲಿ ಏರಲಿಲ್ಲ. ಮುಂದಿನ ಹದಿಮೂರು ತಿಂಗಳು ಆ ದಾರಿಯಲ್ಲಿ ಚಕ್ಕಡಿ ಹೂಡುವವರೇ ಕಡಿಮೆಯಾದರು. ರಜಾಕಾರರ ಹಾವಳಿಗೆ ಅಂಜಿ ಅಲ್ಲಿಂದ ಜನ ನಮ್ಮ ಕಡೆಗೆ ಬಂದರು. ಅಜ್ಜಿಯ ತಂಗಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದದ್ದು ಆಗಲೇ, ರಾತ್ರಿ, ಕಾಲ್ನಡಿಗೆಯಲ್ಲಿ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ನಳದುರ್ಗದ ದಾರಿ ಹಿಡಿದು ಒಳನುಗ್ಗಿತು. 17ಕ್ಕೆ ನಿಜಾಮರು ಕದನ ವಿರಾಮ ಸಾರಿದರು. ಐದು ದಿನದ ಕೆಲಸ. ಆ ಬಳಿಕ ಕರೋಡಗಿರಿಯೂ ಹೋಯಿತು, ಹಾಲಿ ಸಿಕ್ಕಾವೂ ಹೋಯಿತು. 1956ರ ನವೆಂಬರ್ 1ರಂದು ಕಲಬುರ್ಗಿಯೂ ಬಿಜಾಪುರವೂ ಒಂದೇ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಸಿಂದಗಿಯ ಅಂಚಿನ ಗೆರೆ ಪೂರ್ತಿ ಅಳಿಸಿಹೋಯಿತು. ಇಂದು ಸಿಂದಗಿಯಿಂದ ಜೇವರ್ಗಿಗೆ ಬಸ್ಸಿನಲ್ಲಿ ಹೋಗುವ ಹುಡುಗಿಗೆ ಇಲ್ಲೊಂದು ದೇಶದ ಗಡಿಯೇ ಇತ್ತು ಎಂದರೆ ಅವಳು ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಕೆಎ 32 ಎಂಬ ಕಲಬುರ್ಗಿಯ ನಂಬರು ಕಂಡರೆ ನಮ್ಮಲ್ಲಿ ಯಾರಿಗೂ ಏನೂ ಅನ್ನಿಸುವುದಿಲ್ಲ.

ಆದರೆ ಅದೇ 1956ರ ನವೆಂಬರ್ 1ರಂದು ಇನ್ನೊಂದು ಗೆರೆ ಹುಟ್ಟಿತು. ಅಲ್ಲಿಯವರೆಗೆ ಇಂಡಿಗೂ ಸೊಲ್ಲಾಪುರಕ್ಕೂ ಒಂದೇ ಸರಕಾರ, ಒಂದೇ ರಾಜಧಾನಿ, ಮುಂಬಯಿ. ನಡುವೆ ಭೀಮಾ ಹರಿಯುತ್ತಿತ್ತು, ಅಷ್ಟೇ. ಈಗ ಇಂಡಿ ಮೈಸೂರಿಗೆ, ಸೊಲ್ಲಾಪುರ ಮುಂಬಯಿ ರಾಜ್ಯಕ್ಕೆ, ಅದು ಒಡೆದ ಮೇಲೆ 1960ರಲ್ಲಿ ಮಹಾರಾಷ್ಟ್ರಕ್ಕೆ. ನೋಡಿ, ಪೂರ್ವದಲ್ಲಿ ಬೇಲಿ ಕಿತ್ತ ದಿನವೇ ಉತ್ತರದಲ್ಲಿ ಬೇಲಿ ನೆಟ್ಟರು. ಕನ್ನಡಿಗರು ಒಂದಾಗಬೇಕೆಂಬ ಹಂಬಲ ದೊಡ್ಡದು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಆ ಲೆಕ್ಕದಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡಿಗರು ಹೊರಗುಳಿದರು.

ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯ ಸೀಮೆಯಲ್ಲಿ, ಬಿಜ್ಜಳನಲ್ಲಿ ಕರಣಿಕ ಕಾಯಕ ಮಾಡಿದ್ದು ಮಂಗಳವೇಡೆಯಲ್ಲಿ. ಸಿದ್ಧರಾಮನ ಸೊನ್ನಲಿಗೆಯೇ ಸೊಲ್ಲಾಪುರ. ಇಂದಿಗೂ ಸಂಕ್ರಮಣಕ್ಕೆ ಅಲ್ಲಿಯ ಸಿದ್ಧೇಶ್ವರನ ಗಡ್ಡಾ ಜಾತ್ರೆಗೆ ನಮ್ಮ ಕಡೆಯ ಜನ ಹೋಗುತ್ತಾರೆ. ಬಸವಣ್ಣನವರು ಇಂದು ನೌಕರಿಗೆಂದು ಬಾಗೇವಾಡಿಯಿಂದ ಮಂಗಳವೇಡೆಗೆ ಗಾಡಿ ಒಯ್ದರೆ, ಹನ್ನೆರಡು ತಿಂಗಳ ಮೇಲೆ ನಂಬರು ಬದಲಿಸಿ ತೆರಿಗೆ ಕಟ್ಟಬೇಕಾಗುತ್ತದೆ ಎಂದು ನಾನು ಮಕ್ಕಳಿಗೆ ಹೇಳುವುದುಂಟು.

ಹೊಸ ಗೆರೆ ಜನರ ನಡೆಯಲ್ಲಿ ಇಳಿಯಲು ಕಾಲ ಹಿಡಿಯಿತು. ಮುಂಬಯಿ ರಾಜ್ಯದ ಸರಕಾರಿ ಮೋಟಾರುಗಳು 1948ರಲ್ಲಿ ಶುರುವಾದವು, ಅವಕ್ಕೆ ಎಸ್.ಟಿ. ಎಂದು ಹೆಸರು. ರಾಜ್ಯ ಬದಲಾದರೂ ನಮ್ಮ ಹಿರಿಯರು ಕೊನೆಯವರೆಗೂ ಕೆಂಪು ಬಸ್ಸಿಗೆ ‘ಎಸ್.ಟಿ. ಬಂತು’ ಎಂದೇ ಅಂದರು. ಇನ್ನೊಂದು ಮೋಜು ಕೇಳಿ. 1961ರಲ್ಲಿ ಮೈಸೂರು ರಾಜ್ಯದ ಸಾರಿಗೆ ನಿಗಮ ಹುಟ್ಟಿತು. ಅದರ ಇಂಗ್ಲಿಷ್ ಮೊದಲಕ್ಷರಗಳು ಎಂ.ಎಸ್.ಆರ್.ಟಿ.ಸಿ. ಮಹಾರಾಷ್ಟ್ರದ ನಿಗಮದ ಅಕ್ಷರಗಳೂ ಅವೇ ಎಂ.ಎಸ್.ಆರ್.ಟಿ.ಸಿ. 1973ರಲ್ಲಿ ನಾವು ಕರ್ನಾಟಕವಾಗುವವರೆಗೆ ಸೊಲ್ಲಾಪುರದ ಸ್ಟ್ಯಾಂಡಿನಲ್ಲಿ ನಿಂತ ಎರಡು ಬೇರೆ ಸರಕಾರದ ಬಸ್ಸುಗಳಿಗೆ ಒಂದೇ ಇಂಗ್ಲಿಷ್ ಹೆಸರು! ಮೋಟಾರಿನ ನಂಬರುಗಳೂ ಆಗ ಎರಡೂ ಕಡೆ ಸಾಮಾನ್ಯವಾಗಿ ‘ಎಂ’ನಿಂದಲೇ ಶುರುವಾಗುತ್ತಿದ್ದವು. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂದಾಗ ಕೆಎ, ಎಂಎಚ್ ಎಂಬ ಈಗಿನ ಅಕ್ಷರಗಳು ಬಂದವು. ಅಂದಿನಿಂದ ಗಾಡಿ ಯಾವ ರಾಜ್ಯದ್ದೆಂದು ಫರ್ಲಾಂಗು ದೂರದಿಂದಲೇ ಗೊತ್ತಾಗತೊಡಗಿತು. ಪೊಲೀಸರಿಗೆ ಅನುಕೂಲವಾಯಿತು. ಕಲ್ಲು ಹಿಡಿದವರಿಗೂ ಅನುಕೂಲವಾಯಿತು.

ಕಲ್ಲಿನ ಮಾತು ಬಂದದ್ದಕ್ಕೆ ಬೇಸರಿಸಬೇಡಿ. ಗಡಿ ಜಗಳ ತೀರಿಸಲು 1966ರಲ್ಲಿ ನ್ಯಾಯಮೂರ್ತಿ ಮಹಾಜನ್ ಅವರ ಆಯೋಗ ನೇಮಕವಾಯಿತು, 1967ರಲ್ಲಿ ವರದಿ ಬಂತು. ಬೆಳಗಾವಿ ಇಲ್ಲೇ ಇರಲಿ, ಅಕ್ಕಲಕೋಟೆ ಹಾಗೂ ದಕ್ಷಿಣ ಸೊಲ್ಲಾಪುರ, ಜತ್ತಗಳ ಎಷ್ಟೋ ಹಳ್ಳಿಗಳು ಇತ್ತ ಬರಲಿ, ನಿಪ್ಪಾಣಿ ಮುಂತಾದವು ಅತ್ತ ಹೋಗಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. 1969ರ ಫೆಬ್ರವರಿಯಲ್ಲಿ ಮುಂಬಯಿಯೇ ಹೊತ್ತಿ ಉರಿಯಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಹತ್ತೆಂಟು ವರ್ಷಕ್ಕೊಮ್ಮೆ ಈ ಕೆಂಡ ಊದಿದಾಗೆಲ್ಲ ಬೆಂಕಿ ತಗಲುವುದು ಬಸ್ಸಿಗೆ, ಲಾರಿಗೆ. ನಮ್ಮವರೇನು ಕಡಿಮೆಯಿಲ್ಲ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆಯಲ್ಲಿ ಬೆಂಗಳೂರಿನ ಒಂದೇ ಜಾಗದಲ್ಲಿ ನಿಂತಿದ್ದ ಹತ್ತಾರು ಬಸ್ಸುಗಳನ್ನು ತಮಿಳುನಾಡಿನವೆಂದು ಸುಟ್ಟರು. ಅದೇ ದಿನಗಳಲ್ಲಿ ತಮಿಳುನಾಡಿನಲ್ಲಿ ನಮ್ಮ ಕೆಎ ಗಾಡಿಗಳಿಗೂ ಪೆಟ್ಟು ಬಿತ್ತು. ಆ ಗಾಡಿಗಳಲ್ಲಿ ಇದ್ದವರಿಗೂ ಕಾವೇರಿಯ ನೀರಿಗೂ ಏನು ಸಂಬಂಧವೋ!

ಇನ್ನು ನಮ್ಮ ಪ್ರವಾಸದ ಮಾತು. ನಮ್ಮ ಕಡೆಯ ಹೆಂಗಸರ ದೇಶಾಟನೆಗೆ ಕ್ರೂಸರ್ ಎಂಬ ಗಾಡಿಯೇ ಪುಷ್ಪಕ ವಿಮಾನ. ಹನ್ನೊಂದು ಮಂದಿಯ ಜಾಗದಲ್ಲಿ ಹದಿನಾಲ್ಕು ಮಂದಿ, ಮೇಲೆ ಬುತ್ತಿಯ ಡಬ್ಬಿ. ಬೆಳಗಿನ ನಾಲ್ಕಕ್ಕೆ ಬಾಗೇವಾಡಿ ಬಿಟ್ಟರೆ ವಿಜಯಪುರ, ಹೊರ್ತಿ, ಝಳಕಿ ದಾಟಿ ಧೂಳಖೇಡದಲ್ಲಿ ಭೀಮೆಯ ಸೇತುವೆ. ಮೊದಲು ಹೆದ್ದಾರಿ 13 ಎನ್ನುತ್ತಿದ್ದರು, ಈಗ 52. ಸೇತುವೆ ಇಳಿದರೆ ಟಾಕಳಿ, ಮಹಾರಾಷ್ಟ್ರ. ಎಲ್ಲರೂ ‘ಚಾಂಗಭಲೋ’ ಎಂದು ಹೊಳೆಗೆ ಚಿಲ್ಲರೆ ಎಸೆಯುತ್ತೇವೆ. ರಸ್ತೆ ಅದೇ, ಜೋಳ ಅದೇ, ಕಬ್ಬು ಅದೇ. ಬೋರ್ಡಿನ ಅಕ್ಷರ ಮಾತ್ರ ಬದಲು. ಅಷ್ಟೊತ್ತಿಗೆ ನಮ್ಮ ಡ್ರೈವರು ಬೆನ್ನು ನೆಟ್ಟಗೆ ಮಾಡಿ, ಸೀಟಿನ ಬೆಲ್ಟು ಎಳೆದು, ಹಾಡಿನ ದನಿ ತಗ್ಗಿಸುತ್ತಾನೆ. ‘ಯಾಕೋ ತಮ್ಮಾ?’ ಎಂದರೆ, ‘ಅಕ್ಕಾರ, ಇನ್ನ ಮ್ಯಾಲ ನಮ್ಮ ನಂಬರ ಎದ್ದ ಕಾಣತೈತಿ’ ಎನ್ನುತ್ತಾನೆ. ಹತ್ತು ಗಾಡಿ ಸಾಲಾಗಿ ಹೋದರೆ ಕೈ ಅಡ್ಡ ಬರುವುದು ಹೊರಗಿನ ನಂಬರಿಗೇ ಎಂದು ಅವನ ಅನುಭವ. ನಮ್ಮ ಕಡೆ ಬರುವ ಎಂಎಚ್ ಡ್ರೈವರುಗಳೂ ಇದೇ ಮಾತನ್ನು ಮರಾಠಿಯಲ್ಲಿ ಹೇಳುತ್ತಾರೆ. ಅದನ್ನೂ ನಾನು ಕೇಳಿದ್ದೇನೆ.

ಆದರೆ ಗಾಡಿ ನಿಲ್ಲಿಸಿ ಕೆಳಗಿಳಿದೊಡನೆ ನಂಬರಿನ ಆಟ ಮುಗಿಯುತ್ತದೆ. ಚಹದ ಅಂಗಡಿಯವ ಮರಾಠಿಯಲ್ಲಿ ಶುರು ಮಾಡಿ, ನಮ್ಮ ಮಾತು ಕಿವಿಗೆ ಬಿದ್ದೊಡನೆ ‘ಬರ್ರಿ, ಕುಂದರ್ರಿ’ ಎನ್ನುತ್ತಾನೆ. ಸೊಲ್ಲಾಪುರದ ಜವಳಿ ಅಂಗಡಿಗಳಲ್ಲಿ ಕನ್ನಡ ಬಾರದ ಗುಮಾಸ್ತನನ್ನು ಹುಡುಕಿ ತೆಗೆಯಬೇಕು. ಪಂಢರಪುರದಲ್ಲಿ ಹೂವಿನ ಮುದುಕಿ ನಮ್ಮನ್ನು ‘ಕಾನಡಿ ಬಾಯಿ’ ಎಂದು ಕರೆದಳು. ಜೊತೆಯಲ್ಲಿದ್ದ ತರುಣಿಯೊಬ್ಬಳಿಗೆ ಸಿಟ್ಟು ಬಂತು. ನನಗೆ ಬರಲಿಲ್ಲ. ವಿಠ್ಠಲನನ್ನೇ ಮರಾಠಿ ಸಂತರು ‘ಕಾನಡಾ’ ಎಂದು ಕರೆದಿದ್ದಾರೆ, ಇನ್ನು ನಮ್ಮದೇನು ಎಂದು ಅವಳನ್ನು ಸಮಾಧಾನ ಮಾಡಿದೆ.

ಇದು ನಮ್ಮೊಬ್ಬರದೇ ಪಾಡಲ್ಲ. ನನ್ನ ತಂಗಿಯ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಅತ್ತೆಯನ್ನು ಕೂರಿಸಿಕೊಂಡು ಫ್ರಾನ್ಸಿಗೆ ತನ್ನ ಕಾರಿನಲ್ಲೇ ಹೋಗಿದ್ದಳು. ಸಮುದ್ರದಡಿ 1994ರಲ್ಲಿ ತೆರೆದ ಸುರಂಗದಲ್ಲಿ ಕಾರನ್ನು ರೈಲಿಗೆ ಹತ್ತಿಸಿ ಆಚೆ ದಡಕ್ಕೆ ಒಯ್ಯುತ್ತಾರಂತೆ. ಇಂಗ್ಲೆಂಡಿನಲ್ಲಿ ನಮ್ಮ ಹಾಗೆ ಎಡಕ್ಕೆ ಓಡಿಸುವುದು, ಅಲ್ಲಿ ಇಳಿದೊಡನೆ ಬಲಕ್ಕೆ. ಸ್ಟೇರಿಂಗು ಬಲಕ್ಕಿದ್ದುದರಿಂದ ಟೋಲಿನ ಕಿಟಕಿ ಅತ್ತೆಯ ಕಡೆ ಬರುತ್ತದೆ. ‘ದೊಡ್ಡವ್ವಾ, ಊರಾಗ ಬಸ್ ಟಿಕೀಟು ಸೈತ ತಾವು ತೆಗಸಿದವರಲ್ಲ ನಮ್ಮ ಅತ್ತಿ, ಅಲ್ಲಿ ಕಿಟಕಿಯಾಗಿಂದ ಅರ್ಧಾ ಮೈ ಹೊರಗ ಹಾಕಿ ರೊಕ್ಕಾ ಕೊಟ್ಟರು’ ಎಂದು ಫೋನಿನಲ್ಲಿ ನಕ್ಕಳು. ಹೆಡ್‌ಲೈಟು ಎದುರಿನವರ ಕಣ್ಣಿಗೆ ಕುಕ್ಕದಂತೆ ಪಟ್ಟಿ ಅಂಟಿಸಬೇಕು. ಹೊಳೆಯುವ ಜಾಕೀಟು, ಮುಕ್ಕೋನದ ಫಲಕ ಗಾಡಿಯಲ್ಲಿರಬೇಕು. ಹಿಂದೆ ದೇಶದ ಅಕ್ಷರ ಇರಬೇಕು.

ಈ ಅಕ್ಷರದ ಪದ್ಧತಿ 1909ರ ಪ್ಯಾರಿಸ್ ಒಪ್ಪಂದದಿಂದ ಬಂದದ್ದು. ಬ್ರಿಟನ್ನಿನದು ಜಿಬಿ ಎಂದಿತ್ತು, 2021ರ ಸೆಪ್ಟೆಂಬರಿನಿಂದ ಯುಕೆ ಆಯಿತು. ಯುರೋಪಿನ ಎಷ್ಟೋ ದೇಶಗಳು 1995ರಲ್ಲಿ ತಮ್ಮ ನಡುವಿನ ನಾಕಾ ಕಿತ್ತುಹಾಕಿದವು. ಬ್ರಿಟನ್ ಅದರಲ್ಲಿ ಸೇರಲಿಲ್ಲ, ಮುಂದೆ 2020ರಲ್ಲಿ ಒಕ್ಕೂಟವನ್ನೇ ಬಿಟ್ಟಿತು. ಈಗ ತಪಾಸಣೆ ಹೆಚ್ಚು, ಸಾಲೂ ಉದ್ದ. ನೋಡಿ, ಅಲ್ಲಿಯೂ ಒಂದು ಗೆರೆ ಅಳಿಯಿತು, ಇನ್ನೊಂದು ದಪ್ಪವಾಯಿತು. ಜನ ಹೇಗೆ ಕಂಡರೆಂದು ಕೇಳಿದೆ. ದಾರಿ ತಪ್ಪಿದಾಗ ಹಳ್ಳಿಯ ಹೆಂಗಸೊಬ್ಬಳು ತನ್ನ ಗಾಡಿ ಮುಂದೆ ಮಾಡಿ ಹೆದ್ದಾರಿಯವರೆಗೆ ಬಿಟ್ಟು ಬಂದಳಂತೆ. ಪೇಟೆಯ ವಾಹನ ನಿಲುಗಡೆಯಲ್ಲಿ ಒಬ್ಬ ನಂಬರು ನೋಡಿ ಏನೋ ಗೊಣಗಿದನಂತೆ. ‘ನನ್ನ ಮಾರಿ ನೋಡಿ ಅಲ್ಲ ದೊಡ್ಡವ್ವಾ, ನಂಬರ ನೋಡಿ. ನಾ ಬಾಗೇವಾಡಿಯಾಕಿ ಅಂತ ಅವಗೇನ ಗೊತ್ತು!’

ನಗುವ ಮಾತು ಇಲ್ಲಿಗೆ ಸಾಕು. ನನ್ನ ನಾದಿನಿಯನ್ನು ಸೊಲ್ಲಾಪುರಕ್ಕೆ ಕೊಟ್ಟಿದೆ. ನಮ್ಮ ಅತ್ತೆಯವರು ಇಂಡಿ ತಾಲೂಕಿನ ಹಳ್ಳಿಯಲ್ಲಿ 2020ರ ಏಪ್ರಿಲಿನಲ್ಲಿ ತೀರಿಕೊಂಡರು. ಲಾಕ್‌ಡೌನಿನ ದಿನಗಳು. ಸುದ್ದಿ ತಿಳಿದ ಕೂಡಲೇ ನಾದಿನಿ ಮಗನ ಕಾರಿನಲ್ಲಿ ಹೊರಟು ಗಡಿಗೆ ಬಂದಳು. 13 ಪಾಸಿಂಗ್ ಕಾರು. ಪಾಸು ಇರಲಿಲ್ಲ. ತಾಯಿ ತೀರಿಹೋಗಿದ್ದಾಳೆಂದು ಕನ್ನಡದಲ್ಲಿ ಹೇಳಿದಳು, ಅತ್ತಳು. ಕಾವಲಿಗಿದ್ದ ಹುಡುಗನೂ ನಮ್ಮ ಕಡೆಯವನೇ. ಅವನ ಕಣ್ಣಲ್ಲೂ ನೀರು ಬಂತಂತೆ. ಬಿಡಲಿಲ್ಲ. ಅವನಿಗೆ ಬಿಡುವ ಅಧಿಕಾರವೂ ಇರಲಿಲ್ಲ. ಎರಡು ಗಂಟೆ ಬಿಸಿಲಲ್ಲಿ ನಿಂತು ತಿರುಗಿ ಹೋದಳು. ಮಣ್ಣು ಕೊಡುವುದನ್ನು ನನ್ನ ಮಗ ಮೊಬೈಲಿನಲ್ಲಿ ತೋರಿಸಿದ. ಆಮೇಲೆ ಎಷ್ಟೋ ದಿನ ಅವಳು ಒಂದೇ ಮಾತು ಆಡುತ್ತಿದ್ದಳು: ‘ವೈನೀ, ಹೊಳಿ ಆಚಿ ದಂಡಿ ಕಾಣತಿತ್ತು. ನಮ್ಮೂರ ಕಡೆ ಹೋಗೂ ದಾರಿ ಕಾಣತಿತ್ತು.’ ನಾನು ಆಗ ಅಜ್ಜಿಯ ತಂಗಿಯನ್ನು ನೆನೆದೆ. ಆಕೆ ರಜಾಕಾರರ ಕಾಲದಲ್ಲೂ ರಾತ್ರಿ ನಡೆದು ತವರು ಮುಟ್ಟಿದ್ದಳು.

2022ರ ಡಿಸೆಂಬರ್ ಮೊದಲ ವಾರ ಮತ್ತೆ ಗಡಿಯ ಮಾತು ಕಾವೇರಿತು. 6ನೇ ತಾರೀಕು ಬೆಳಗಾವಿ ಹತ್ತಿರ ಹಿರೇಬಾಗೇವಾಡಿಯಲ್ಲಿ ಎಂಎಚ್ ಲಾರಿಗಳಿಗೆ ಕಲ್ಲು ಬಿತ್ತು. ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಮಸಿ ಬಳಿದರು. ಎರಡೂ ಕಡೆ ಬಸ್ಸುಗಳು ನಿಂತವು. ಅದೇ ವಾರ ನಾದಿನಿಯ ಮಗನ ಮದುವೆ, ಹೆಣ್ಣಿನ ಮನೆ ತಾಳಿಕೋಟೆಯದು. ಸೊಲ್ಲಾಪುರದಿಂದ ದಿಬ್ಬಣ ಬರಬೇಕು, ಎರಡು ಗಾಡಿಯೂ 13 ಪಾಸಿಂಗ್. ಜವಳಿಗೆಂದು ಮೊದಲೇ ಹೋಗಿದ್ದ ನನ್ನ ತಮ್ಮನ 28 ಪಾಸಿಂಗ್ ಕಾರು ಅಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಅಂಗಡಿಯ ಮಾಲೀಕರು, ಮರಾಠಿಯವರು, ‘ರಸ್ತಾದಾಗ ಬಿಡಬ್ಯಾಡ್ರಿ’ ಎಂದು ತಮ್ಮ ಗೋದಾಮಿನೊಳಗೆ ಹಾಕಿಸಿ ಬೀಗ ಹಾಕಿದ್ದರು. ಇಂಡಿಯ ಪರಿಸರದಲ್ಲಿ ಯಾರೂ ಯಾರಿಗೂ ಒಂದು ಮಾತೂ ಅಂದಿರಲಿಲ್ಲ. ಆದರೂ ಟೀವಿಯಲ್ಲಿ ನೋಡಿದ್ದೇ ಕಣ್ಣೆದುರು. ಮದುಮಗನನ್ನು ಹೊತ್ತ ಗಾಡಿಗೆ ಒಂದು ಕಲ್ಲು ಬಿದ್ದರೆ ಗತಿಯೇನು?

ಕಡೆಗೆ ಹಿರಿಯರು ಕೂತು ಒಂದು ದಾರಿ ತೆಗೆದರು. ಎಂಎಚ್ ಗಾಡಿಗಳು ಸೇತುವೆಯ ಆಚೆ ದಂಡೆಗೆ ಬಂದು ನಿಲ್ಲುವುದು, ಇತ್ತಣಿಂದ ನಮ್ಮ ಎರಡು ಕ್ರೂಸರ್ ಹೋಗಿ ಈಚೆ ದಂಡೆಯಲ್ಲಿ ನಿಲ್ಲುವುದು. ದಿಬ್ಬಣ ಬೆಳಗಿನ ಜಾವ ಭೀಮೆಯನ್ನು ನಡೆದು ದಾಟಿತು. ಬಾಸಿಂಗದ ಡಬ್ಬಿ ಎದೆಗವಚಿಕೊಂಡು ಮದುಮಗ, ತಲೆಯ ಮೇಲೆ ಸೀರೆಯ ಗಂಟು ಹೊತ್ತ ಅವನ ಸೋದರತ್ತೆಯರು, ಕೈಯಲ್ಲಿ ಚಪ್ಪಲಿ ಹಿಡಿದ ಮಕ್ಕಳು. ಮೂಡಲಲ್ಲಿ ಆಗಷ್ಟೇ ಕೆಂಪೇರುತ್ತಿತ್ತು. ನಾದಿನಿ ಸೇತುವೆಯ ನಡುವೆ ನಿಂತು ಹೊಳೆಗೆ ಕೈಮುಗಿದಳು, ನಾವು ಯಾರೂ ಅವಸರ ಮಾಡಲಿಲ್ಲ. ನಾಲ್ಕು ದಿನ ಬಿಟ್ಟು ಸೊಸೆಯನ್ನು ಕಳಿಸುವಾಗಲೂ ಹಾಗೆಯೇ ಇಳಿದು, ನಡೆದು, ಗಾಡಿ ಬದಲಿಸಿದೆವು. ಬಾಡಿಗೆ ಮಾತ್ರ ಎರಡೂ ಕಡೆಯ ಗಾಡಿಗಳಿಗೆ ಕೊಡಬೇಕಾಯಿತು.